ಸಹಾಯ ಬೇಕು: ಥ್ರೋನ್ ಅಂಡ್ ಲಿಬರ್ಟಿಯಲ್ಲಿ ಡಿಫೆನ್ಸ್ ಟೈಮಿಂಗ್

ಗೆಳೆಯರೇ, 2024ರ ಅಕ್ಟೋಬರ್‌ನಲ್ಲಿ ಜಗತ್ತಿಗೆಲ್ಲ ಬಿಡುಗಡೆಯಾದ ಈ ಆನ್‌ಲೈನ್ ಗೇಮ್ ಆಡುತ್ತಿರುವವರು ಸಲಹೆ ಕೊಡಿ. ಇದರಲ್ಲಿ ಕ್ಲಾಸ್ (ಪಾತ್ರದ ವರ್ಗ) ಆಯ್ಕೆ ಇಲ್ಲ, ಹಿಡಿದ ಎರಡು ಆಯುಧಗಳೇ ಪಾತ್ರವನ್ನು ತೀರ್ಮಾನಿಸುತ್ತವೆ. ಬಹಳ ಹಿಡಿಸಿದ್ದು ಇದೇ. ನನ್ನದು ಕತ್ತಿ-ಗುರಾಣಿ ಜೊತೆ ಗ್ರೇಟ್‌ಸ್ವೋರ್ಡ್, ಅಂದರೆ ಟ್ಯಾಂಕ್, ತಂಡದ ಪರವಾಗಿ ಏಟು ತಡೆದುಕೊಳ್ಳುವ ಪಾತ್ರ.

ತೊಡಕು ಇಲ್ಲಿ: ಬಾಸ್‌ನ (ದೊಡ್ಡ ಶತ್ರುವಿನ) ಫ್ಯೂರಿ ಅಟ್ಯಾಕ್ ಎಂಬ ಹೊಡೆತ ಬರುವಾಗ ನೇರಳೆ ಉಂಗುರ ಕುಗ್ಗುತ್ತದೆ, ಅದು ಮುಚ್ಚುವ ಕ್ಷಣಕ್ಕೆ ತಡೆಯಲು ಕ್ಯೂ ಕೀ ಒತ್ತಬೇಕು. ಬೆಂಗಳೂರಿನಿಂದ ಪಿಂಗ್ (ಸರ್ವರ್‌ಗೆ ಸಂಕೇತ ಹೋಗಿ ಬರುವ ಸಮಯ) 150 ಮಿಲಿಸೆಕೆಂಡ್ ಆಸುಪಾಸು. ಕಣ್ಣಿಗೆ ಸರಿ ಕಂಡಾಗ ಒತ್ತಿದರೆ ಸರ್ವರ್‌ಗೆ ತಡವಾಗಿ ಮುಟ್ಟುತ್ತದೆ. ತುಸು ಮುಂಚೆ ಒತ್ತಿದರೆ ಸಿಗುತ್ತದೆ, ಆದರೆ ಪಿಂಗ್ ಏರಿಳಿದರೆ ಆ ಅಂದಾಜೂ ಕೆಡುತ್ತದೆ. ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿದ ಮೇಲೆ ಏರಿಳಿತ ತಗ್ಗಿದೆ, ಸರಾಸರಿ ಹಾಗೇ ಇದೆ.

ಇಷ್ಟು ಪಿಂಗ್‌ನಲ್ಲೇ ಟ್ಯಾಂಕ್ ಆಡುವವರು ಎಷ್ಟು ಮುಂಚೆ ಒತ್ತುತ್ತೀರಿ? ಅಥವಾ ವಾಂಡ್-ಲಾಂಗ್‌ಬೋ ಹಿಡಿದು ಹೀಲರ್ (ತಂಡದವರನ್ನು ಗುಣಪಡಿಸುವ ಪಾತ್ರ) ಆಗುವುದೇ ವಾಸಿಯೇ?