ಎತ್ತಿನ ಹೊಟ್ಟೆಯಡಿ ಎರಡು ತೂತು

ಮಂಜ: ಪದ್ದಕ್ಕ, ಮೊಬೈಲ್ ನೋಡಿ. ಜಪಾನಿನ ನೆಟ್ಸುಕೆ, ಸೊಂಟಕ್ಕೆ ಸಿಗಿಸೋ ಪುಟ್ಟ ಕೆತ್ತನೆ. ಮಲಗಿರೋ ಎತ್ತು, ದಂತದ್ದಂತೆ. ಕ್ಯೋಟೋದ ತೊಮೊತಾದ ಅನ್ನೋ ಹಳೇ ಕೆತ್ತನೆಗಾರನ ಸಹಿ. ಎಂಟೇ ಸಾವಿರ ರೂಪಾಯಿ!

ಪದ್ದಕ್ಕ: ಆ ದುಡ್ಡಿಗೆ ತೊಮೊತಾದನ ಎತ್ತು ಕೊಡ್ತಾನೆ ಅಂದ್ರೆ, ಗಾಡಿನೂ ಕಟ್ಟಿ ಕೊಡ್ತಾನೇನೋ ಕೇಳು.

ಮಂಜ: ಸಹಿ ಇದೆಯಲ್ಲಾ!

ರಾಯರು: ಅದೇ ತೊಂದರೆ ಕಣಯ್ಯ. 1781ರಲ್ಲಿ ಒಸಾಕಾದಲ್ಲಿ ಅಚ್ಚಾದ ‘ಸೋಕೆನ್ ಕಿಶೋ’ ಅನ್ನೋ ಪುಸ್ತಕದಲ್ಲೇ ಇವನ ಎತ್ತುಗಳಿಗೆ ನಕಲು ಜಾಸ್ತಿ ಅಂತ ಬರೆದಿದ್ದಾರೆ. ನಕಲಿಗೇ ಇನ್ನೂರು ವರ್ಷ ದಾಟಿದೆ. ಸಹಿ ಆಮೇಲೆ, ಜಾತ್ರೇಲಿ ಎತ್ತಿನ ಹಲ್ಲು ನೋಡ್ತಾರೆ, ಇಲ್ಲಿ ಹೊಟ್ಟೆ ತಿರುಗಿಸಿ ತೂತು ನೋಡು.

ಮಂಜ: ತೂತು ಯಾಕೆ?

ಪದ್ದಕ್ಕ: ಕಿಮೋನೋಗೆ ಜೇಬಿಲ್ಲ. ನಮ್ಮೋರು ಎಲೆಯಡಿಕೆ ಸಂಚಿ ಸೊಂಟಕ್ಕೆ ಸಿಗಿಸ್ಕೊಳ್ತಿದ್ದ ಹಾಗೆ ಅವರು ತಂಬಾಕು ಚೀಲ, ಔಷಧಿ ಡಬ್ಬಿ ರೇಷ್ಮೆ ದಾರದಲ್ಲಿ ಇಳಿಬಿಡ್ತಿದ್ರು. ದಾರ ನಡುಪಟ್ಟಿಯ ಹಿಂದಿನಿಂದ ಮೇಲೆ ಬಂದು ಈ ನೆಟ್ಸುಕೆಗೆ ಸೇರುತ್ತೆ. ಇದು ಪಟ್ಟಿಯ ಅಂಚಿನ ಮೇಲೆ ಕೂತು ಜಾರದ ಹಾಗೆ ತಡೆಯುತ್ತೆ. ಒಂದು ತೂತು ಸಾಮಾನ್ಯವಾಗಿ ದೊಡ್ಡದು, ಗಂಟು ಅದರೊಳಗೆ ಅಡಗಬೇಕಲ್ಲ.

ರಾಯರು: ದಾರ ಉಜ್ಜಿ ಉಜ್ಜಿ ತೂತಿನ ಬಾಯಿ ನುಣುಪಾಗಿರಬೇಕು. ಡ್ರಿಲ್ಲಿಂಗ್ ಮೆಷಿನ್ ಕೊರೆದ ಹಾಗೆ ಎರಡೂ ಒಂದೇ ಅಳತೆ, ಅಂಚು ಚೂಪು ಅಂದ್ರೆ ಅನುಮಾನ ಪಡು. ಹಾಗಂತ ತೂತೇ ಇಲ್ಲದ್ದೆಲ್ಲ ನಕಲಿ ಅಲ್ಲ. ಕಾಲಸಂದಿನಲ್ಲೇ ದಾರ ತೂರೋ ಹಾಗೆ ಕೆತ್ತಿದ್ದೂ ಉಂಟು.

ಪದ್ದಕ್ಕ: ಕೊಂಬು ನೋಡೋ! ಮೇಲಕ್ಕೆ ಚುಚ್ಕೊಂಡು ನಿಂತಿದೆ. ನಿಜವಾಗಿ ತೊಡೋ ವಸ್ತುವಾದ್ರೆ ಕೊಂಬು ಬೆನ್ನ ಕಡೆ ಒರಗಿ, ಬಾಲ, ಮೂಗುದಾರ ಎಲ್ಲ ಮೈಗೆ ಅಂಟಿಕೊಂಡಿರ್ತಿತ್ತು. ಇದನ್ನ ಸಿಗಿಸಿದ್ರೆ ರೇಷ್ಮೆ ಚಿಂದಿ.

ಮಂಜ: ಸೂಜಿ ಕಾಯಿಸಿ ಚುಚ್ಚಿದ್ರೆ ದಂತವೋ ಪ್ಲಾಸ್ಟಿಕ್ಕೋ ಗೊತ್ತಾಗುತ್ತಂತೆ?

ರಾಯರು: ದಂತವಾದ್ರೆ ಕಲೆ ಬೀಳುತ್ತೆ, ಸೆಲ್ಯುಲಾಯ್ಡ್ ಅನ್ನೋ ಹಳೇ ಪ್ಲಾಸ್ಟಿಕ್ ಆದ್ರೆ ಬೆಂಕಿ ಹತ್ತುತ್ತೆ. ಸೂಜಿ ಬೇಡ, ಹತ್ತು ಪಟ್ಟು ದೊಡ್ಡದಾಗಿ ತೋರೋ ಭೂತಗನ್ನಡಿ ಸಾಕು. ಆನೆದಂತದ ಅಡ್ಡಕೊಯ್ತದಲ್ಲಿ ಗೆರೆಗಳು ಒಂದನ್ನೊಂದು ಹಾಯ್ತವೆ. ಮೂಳೇಲಿ ಸಣ್ಣ ಕಪ್ಪು ಚುಕ್ಕಿ, ಅಡ್ಡಗೀಟು. ರೆಸಿನ್‌ನಲ್ಲಿ ಗಾಳಿಗುಳ್ಳೆ, ಅಚ್ಚಿನ ಜೋಡಣೆ ಗೆರೆ. ಜಿಂಕೆ ಕೊಂಬಿನ ತಿರುಳು ರಂಧ್ರ ರಂಧ್ರ.

ಪದ್ದಕ್ಕ: ಅಪ್ಪಟ ದಂತವಾದ್ರೂ ತರಿಸೋ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆಗೆ 1991ರಲ್ಲಿ ತಿದ್ದುಪಡಿ ಆದ ಮೇಲೆ ಆಫ್ರಿಕಾ ಆನೆದಂತದ ವ್ಯಾಪಾರವೂ ಇಲ್ಲಿ ನಿಷಿದ್ಧ. ನಕಲಿಯಾದ್ರೆ ದುಡ್ಡು ಹೋಯ್ತು, ಅಸಲಿಯಾದ್ರೆ ನೀನೇ ಹೋದೆ.

ರಾಯರು: ಮರದ್ದು ಹುಡುಕು. ತ್ಸುಗೆ ಅನ್ನೋ ಗಟ್ಟಿ ಹಳದಿ ಮರದ್ದು ಬೇಕಾದಷ್ಟಿವೆ. ತಕಾಯಾಮಾದ ಸುಕೆನಾಗ ಇಚಿಯಿ ಮರದಲ್ಲಿ ಕೆತ್ತಿದವನು, ಉಳಿಯ ಏಟು ಹಾಗೇ ಕಾಣುತ್ತೆ. ನನ್ನ ಕೇಳಿದ್ರೆ ನುಣ್ಣಗೆ ತಿಕ್ಕಿದ್ದಕ್ಕಿಂತ ಅದೇ ಚೆಂದ.

ಮಂಜ: ಮರ ಒಣಗದಂಗೆ ಕೊಬ್ಬರಿಎಣ್ಣೆ…

ಪದ್ದಕ್ಕ: ತಲೆಗೆ ಹಚ್ಕೋ! ಮರಕ್ಕೆ ಹಚ್ಚಿದ್ರೆ ಧೂಳು ಮೆತ್ತಿ ಕೆತ್ತನೆ ಕಪ್ಪಾಗುತ್ತೆ. ಒಣಬಟ್ಟೆ, ಮೆತ್ತನೆ ಬ್ರಷ್ ಸಾಕು. ಬಿಸಿ ಬಲ್ಬಿನಡಿ ಇಟ್ರೆ ಸೀಳು ಬಿಡುತ್ತೆ.

ಮಂಜ: ತಡೀರಿ, ಹೊಟ್ಟೆ ಕಡೆ ಫೋಟೋ ಕೇಳಿದ್ದಕ್ಕೆ ಮೆಸೇಜ್ ಬಂತು.

ರಾಯರು: ಏನಂತೆ?

ಮಂಜ: “ತೂತು ಬೇಕಿದ್ರೆ ಹೇಳಿ ಸರ್, ಫ್ರೀಯಾಗಿ ಕೊರೆದು ಕೊಡ್ತೀವಿ.”