ಟ್ರಾನ್ಸಿಸ್ಟರ್ 'ಸಾಂದ್ರತೆ'ನಾ 'ದಟ್ಟಣೆ'ನಾ? ಟೆಸ್ಟ್ ಎಕ್ವಿಪ್‌ಮೆಂಟಿಗೆ ಏನನ್ನೋಣ?

ಎಲ್ರಿಗೂ ನಮಸ್ಕಾರ. ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಹುಡುಗ್ರಿಗೆ ಒಂದು ಲೇಖನ ಬರೀತಿದೀನಿ, ಚಿಪ್ ಒಳಗೆ ಟ್ರಾನ್ಸಿಸ್ಟರ್ ಒತ್ತೊತ್ತಾಗಿ ಕೂರ್ತಾ ಹೋದ ಹಾಗೆ ಟೆಸ್ಟ್ ಮಾಡೋ ಸಾಮಾನೂ ಹೇಗೆ ಬದಲಾಯ್ತು ಅಂತ.

ಡೆನ್ಸಿಟಿಗೆ ಒಬ್ರು 'ದಟ್ಟಣೆ' ಅನ್ನಿ ಅಂದ್ರು. ನಂಗೆ ಅದನ್ನ ಕೇಳಿದ್ರೆ ಸಿಲ್ಕ್ ಬೋರ್ಡ್ ಜಂಕ್ಷನ್ನೇ ಕಣ್ಮುಂದೆ ಬರತ್ತೆ. 1971ರ ಇಂಟೆಲ್ 4004ರಲ್ಲಿ ಸುಮಾರು 2300 ಟ್ರಾನ್ಸಿಸ್ಟರ್, 2020ರ ಆಪಲ್ ಎಂ1ನಲ್ಲಿ 1600 ಕೋಟಿ, ಚಿಪ್ಪಿನ ವಿಸ್ತೀರ್ಣ ಮಾತ್ರ ಬರೀ ಹತ್ತು ಪಟ್ಟು ಆಸುಪಾಸು ಹೆಚ್ಚಿದೆ, ಉಳಿದಿದ್ದೆಲ್ಲ ಒತ್ತಿ ಕೂರ್ಸಿದ್ದು. ಸಮಾಜ ಪಾಠದಲ್ಲಿ ಚದರ ಕಿಲೋಮೀಟರಿಗೆ ಇಷ್ಟು ಜನ ಅಂತ 'ಜನಸಾಂದ್ರತೆ' ಆಗ್ಲೇ ಇದೆಯಲ್ಲ, ಹಾಗಾಗಿ ಸಾಂದ್ರತೆನೇ ಇಟ್ಕೋತೀನಿ, ಬೇಡ ಅನ್ನೋರು ಕಾರಣ ಹೇಳಿ.

ತಲೆನೋವು ಇರೋದು ಟೆಸ್ಟ್ ಅನ್ನೋದ್ರಲ್ಲಿ. 'ಪರೀಕ್ಷಾ ಉಪಕರಣ' ಅಂದ್ರೆ ಹುಡುಗ್ರಿಗೆ ಹಾಲ್ ಟಿಕೆಟ್ ನೆನಪಾಗತ್ತೆ. 'ಅಳತೆ ಉಪಕರಣ' ಆಸಿಲೋಸ್ಕೋಪಿಗೆ (ಸಿಗ್ನಲ್ ಏರಿಳಿತನ ಗೆರೆಯಾಗಿ ತೋರ್ಸೋ ಸಾಮಾನು) ಸರಿ: ಮುಂಚೆ ಸಿಗ್ನಲ್ ನೇರವಾಗಿ ಕೊಳವೆ ಪರದೆ ಮೇಲೆ ಗೆರೆ ಎಳೀತಿತ್ತು, ಈಗ ಎಡಿಸಿ (ಸಿಗ್ನಲನ್ನ ಅಂಕಿಗಳಾಗಿ ಬದಲಾಯ್ಸೋ ಸರ್ಕ್ಯೂಟ್) ಅದನ್ನ ಸೆಕೆಂಡಿಗೆ ನೂರು ಕೋಟಿ ಸಲ ಅಳೆದು ಮೆಮೊರಿಗೆ ತುಂಬತ್ತೆ, ಒಂದೇ ಸಲ ಬಂದು ಹೋದ ಪಲ್ಸನ್ನೂ ನಿಲ್ಸಿ ನೋಡ್ಬಹುದು, ಅಂಥ ಎಡಿಸಿ, ಮೆಮೊರಿ ಕಾಲೇಜ್ ಲ್ಯಾಬಿನ ಬಜೆಟ್ಟಿಗೆ ಇಳಿದಿದ್ದೂ ಈ ಸಾಂದ್ರತೆಯಿಂದ್ಲೇ. (ಲ್ಯಾಬಲ್ಲಿ ಇನ್ನೂ 'ಕ್ಯಾಥೋಡ್ ರೇ ಆಸಿಲೋಸ್ಕೋಪ್' ಅನ್ನೋ ಅರ್ಥದ ಸಿಆರ್‌ಒ ಅಂತಾನೇ ಕರೀತಾರೆ, ಕ್ಯಾಥೋಡ್ ಕೊಳವೆ ಹೋಗಿ ಯಾವ ಕಾಲ ಆಯ್ತೋ.)

ಸರ್ಕ್ಯೂಟ್ ಬೋರ್ಡ್ ಟೆಸ್ಟಿಗೆ 'ಅಳತೆ' ಅನ್ನೋ ಪದ ಕೂರಲ್ಲ. ಪಿನ್ನುಗಳು ಹತ್ತಿರ ಹತ್ತಿರ ಆದ್ವು, ಆಮೇಲೆ ಬಿಜಿಎ (ಪಿನ್ ಬದಲು ಅಡಿಯಲ್ಲಿ ಬೆಸುಗೆ ಗುಂಡುಗಳಿರೋ ಪ್ಯಾಕೇಜ್) ಬಂದು ಚಿಪ್ಪಿನ ಅಡಿಗೇ ಸೇರ್ಕೊಂಡ್ವು, ಪ್ರೋಬ್ (ತಾಗ್ಸಿ ನೋಡೋ ಮೊನೆ) ಇಡೋಕೇ ಜಾಗ ಇಲ್ಲ. ಇದಕ್ಕಂತ್ಲೇ 1990ರಲ್ಲಿ ಐಇಇಇ 1149.1 ಅನ್ನೋ ಮಾನದಂಡ ಬಂದಿದ್ದು, ನಾವೆಲ್ಲ ಜೆಟ್ಯಾಗ್ ಅನ್ನೋದು. ಚಿಪ್ ಒಳಗೆ ಪ್ರತಿ ಪಿನ್ ಹಿಂದೆ ಒಂದು ಸಣ್ಣ ಸೆಲ್ (ಬಿಟ್ ಹಿಡಿದಿಡೋ ಸರ್ಕ್ಯೂಟ್) ಇಟ್ಟು, ಸರಪಳಿ ಥರ ಪೋಣಿಸಿ, ನಾಲ್ಕು ತಂತೀಲಿ ಬಿಟ್ ಒಳಗೆ ತಳ್ಳಿ ಹೊರಗೆ ತಗೊಂಡು ನೋಡಿದ್ರೆ ಎಲ್ಲಿ ಬೆಸುಗೆ ಬಿಟ್ಟಿದೆ ಅಂತ ಗೊತ್ತಾಗತ್ತೆ. ಟ್ರಾನ್ಸಿಸ್ಟರ್ ದುಬಾರಿ ಇದ್ದಾಗ ಇಂಥದ್ದಕ್ಕೆ ಯಾರು ಜಾಗ ಕೊಡ್ತಿದ್ರು? ಈಗ ಚಿಪ್ ತನ್ನ ಮೆಮೊರಿನ ತಾನೇ ಟೆಸ್ಟ್ ಮಾಡ್ಕೊಳತ್ತೆ, ಬಿಸ್ಟ್ (ಬಿಲ್ಟ್-ಇನ್ ಸೆಲ್ಫ್ ಟೆಸ್ಟ್) ಅಂತಾರಲ್ಲ ಅದು.

ಈ ಬಿಸ್ಟಿಗೆ 'ಸ್ವಯಂ ತಪಾಸಣೆ' ಅನ್ನೋಣ ಅಂದ್ಕೊಂಡಿದೀನಿ. ಹಾಗಾದ್ರೆ ಟೆಸ್ಟಿಗೆ ತಪಾಸಣೆ, ಮೆಷರ್‌ಮೆಂಟಿಗೆ ಅಳತೆ, ಎರಡೂ ಸೇರಿದ ಸಾಮಾನಿಗೆ? ಪ್ರೊಡಕ್ಷನ್ ಲೈನಲ್ಲಿ ಕೆಲಸ ಮಾಡಿದೋರು ಇದ್ರೆ, 'ಟೆಸ್ಟಿಗೆ ಹಾಕು' ಅನ್ನೋದು ಬಿಟ್ಟು ಅಲ್ಲಿ ಬಾಯಲ್ಲಿ ಇನ್ನೇನಾದ್ರೂ ಇದ್ಯಾ ತಿಳಿಸಿ.