ಫ್ರೀ ಸಾಫ್ಟ್‌ವೇರ್‌ಗೆ ಸರ್ಕಾರ ಯಾಕೆ ದುಡ್ಡು ಕೊಡ್ಬೇಕು?

ಪೊನ್ನಂಪೇಟೆ_ಲೆಕ್ಕ
ನಮಸ್ಕಾರ ಎಲ್ರಿಗೂ. ಪೊನ್ನಂಪೇಟೆ ಕಡೆ ಒಂದು ಸಹಕಾರ ಸಂಘದಲ್ಲಿ ಲೆಕ್ಕ ನೋಡ್ಕೊಳ್ತೀನಿ. ಗೊಬ್ಬರ, ಸಾಲ, ಪಿಗ್ಮಿ ಎಲ್ಲಾ ಒಂದೇ ಸಾಫ್ಟ್‌ವೇರಲ್ಲಿತ್ತು, ಮಾಡ್ಕೊಟ್ಟವರು ಅಂಗಡಿ ಮುಚ್ಚಿ ಹೋದ್ರು, ಸೋರ್ಸ್ ಕೋಡ್, ಅಂದ್ರೆ ಪ್ರೋಗ್ರಾಮ್ ಬರೆದ ಮೂಲ ಸಾಲುಗಳು, ನಮ್ಮತ್ರ ಇಲ್ಲ, ಈಗ ಪ್ರೋಗ್ರಾಮೇ ಓಪನ್ ಆಗ್ತಿಲ್ಲ. ಮೂರು ವಾರದಿಂದ ಲೆಡ್ಜರ್ ನೋಡಿ ಒಂದೊಂದೇ ಟೈಪ್ ಮಾಡ್ತಿದೀವಿ, ಈ ಮಳೆಗೆ ಕರೆಂಟೂ ನಿಲ್ಲಲ್ಲ. ಓಪನ್ ಸೋರ್ಸ್ ಆಗಿದ್ರೆ, ಅಂದ್ರೆ ಆ ಕೋಡ್ ಎಲ್ಲರಿಗೂ ಸಿಗೋ ಹಾಗಿದ್ರೆ, ಬೇರೆ ಯಾರಾದ್ರೂ ರಿಪೇರಿ ಮಾಡ್ತಿದ್ರು, ಸರ್ಕಾರ ಅಂಥದ್ದಕ್ಕೇ ದುಡ್ಡು ಕೊಡ್ಬೇಕು ಅಂತಾಳೆ ಮಗಳು. ಪುಕ್ಕಟೆ ಸಿಗೋದಕ್ಕೆ ನಮ್ಮ ತೆರಿಗೆ ದುಡ್ಡು ಯಾಕೆ? ಗೊತ್ತಿರೋರು ಬಿಡಿಸಿ ಹೇಳಿ.

ಕುಶಾಲನಗರ_ಕೋಡ್
ಸರ್, ಮಗಳು ಹೇಳಿದ್ದು ಸರಿ ಇದೆ. ನಾಲ್ಕೈದು ತೋಟಕ್ಕೆ ಹೋಗೋ ಒಂದೇ ರಸ್ತೆ ಇರುತ್ತಲ್ಲ, ಜೀಪು ಎಲ್ಲರದ್ದೂ ಓಡುತ್ತೆ, ಮಳೆಗಾಲ ಮುಗಿದ ಮೇಲೆ ಗುಂಡಿ ಮುಚ್ಚೋಕೆ ಮಾತ್ರ ಒಬ್ಬರ ಮುಖ ಒಬ್ಬರು ನೋಡ್ತಾರೆ. ಇದೂ ಹಾಗೇನೆ. ಇಂಟರ್ನೆಟ್ಟಲ್ಲಿ ಹೋಗೋ ಪಾಸ್‌ವರ್ಡು ಕಾರ್ಡ್ ನಂಬರು ಬೇರೆಯವರಿಗೆ ಕಾಣದ ಹಾಗೆ ಮಾಡೋ ಓಪನ್‌ಎಸ್‌ಎಸ್‌ಎಲ್ ಅಂತ ಒಂದಿದೆ, ಲಕ್ಷಾಂತರ ಸೈಟು ಅದರ ಮೇಲೇ ನಿಂತಿದ್ವು, ವರ್ಷಕ್ಕೆ ಬರ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಅಷ್ಟೇ. 2014ರಲ್ಲಿ ಹಾರ್ಟ್‌ಬ್ಲೀಡ್ ಅನ್ನೋ ತೂತು ಬಯಲಾದ ಮೇಲೇ ದೊಡ್ಡ ಕಂಪನಿಗಳು ಜೇಬಿಗೆ ಕೈ ಹಾಕಿದ್ದು. ಜರ್ಮನಿ 2022ರಲ್ಲಿ ಸಾವರಿನ್ ಟೆಕ್ ಫಂಡ್ ಅಂತ ಸರ್ಕಾರದ ದುಡ್ಡಲ್ಲೇ ಶುರು ಮಾಡ್ತು, ಇಂಥ ರಿಪೇರಿಗೇ ಅಂತ.

ವಿರಾಜಪೇಟೆ_ಮೇಷ್ಟ್ರು
ಒಪ್ತೀನಿ, ಆದ್ರೆ ಫ್ರೀ ಅಂತ ಖರ್ಚಿನ ಕಾಲಂನಲ್ಲಿ ಸೊನ್ನೆ ಬರೆದು ಕೂತ್ರೆ ಕೆಟ್ಟೋಗುತ್ತೆ. ಜರ್ಮನಿಯ ಮ್ಯೂನಿಕ್ ನಗರದವರು 2003ರಲ್ಲಿ ವಿಂಡೋಸ್ ಬದಲು ಓಪನ್ ಸೋರ್ಸ್ ಆಗಿರೋ ಲಿನಕ್ಸ್ ಅಂತ ತೀರ್ಮಾನ ಮಾಡಿ, ಸಾವಿರಾರು ಕಂಪ್ಯೂಟರ್ ಬದಲಾಯಿಸಿ, 2017ರಲ್ಲಿ ಮತ್ತೆ ವಿಂಡೋಸೇ ಬೇಕು ಅಂದ್ರು. ಇಲ್ಲೇ ಮಾಕುಟ್ಟ ದಾಟಿದ್ರೆ ಕೇರಳದ ಸರ್ಕಾರಿ ಶಾಲೆಗಳಲ್ಲಿ ಅದೇ ಲಿನಕ್ಸ್ ಎಷ್ಟೋ ವರ್ಷದಿಂದ ನಡೀತಿದೆ, ಅಲ್ಲಿ ಕೈಟ್ ಅಂತ ಸಂಸ್ಥೆನೇ ಇದೆ, ಮೇಷ್ಟ್ರುಗಳಿಗೆ ಟ್ರೈನಿಂಗ್ ಕೊಡ್ತಾರೆ. ಲೈಸೆನ್ಸಲ್ಲಿ ಉಳಿದ ದುಡ್ಡು ಜನಕ್ಕೆ ಹಾಕ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಕನ್ನಡ ಟೈಪ್ ಮಾಡೋ ನಮ್ಮ ನುಡಿ ಸಾಫ್ಟ್‌ವೇರೂ ಸರ್ಕಾರದ ಬೆಂಬಲದಲ್ಲೇ ಬಂದಿದ್ದು, ಆದ್ರೆ ಹಳೇ ನುಡಿ ಫೈಲನ್ನ ಈಗ ಎಲ್ಲಾ ಕಡೆ ಓದೋಕಾಗೋ ಯೂನಿಕೋಡ್ ಅಕ್ಷರಕ್ಕೆ ಬದಲಾಯಿಸೋಕೆ ಓಪನ್ ಸೋರ್ಸ್ ಕನ್ವರ್ಟರ್ ಬರೆದವರು ತಮ್ಮ ಬಿಡುವಲ್ಲಿ ಕೂತು ಬರೆದ್ರು.

ಕುಶಾಲನಗರ_ಕೋಡ್
ಕೇಂದ್ರದ 2015ರ ಪಾಲಿಸಿಲೇ ಇದೆ ಮೇಷ್ಟ್ರೇ, ಸರ್ಕಾರಿ ಕೆಲಸಕ್ಕೆ ಓಪನ್ ಸೋರ್ಸ್‌ಗೇ ಮೊದಲ ಆದ್ಯತೆ ಅಂತ. ಸರ್, ಮುಂದೆ ಯಾರ ಹತ್ರ ಮಾಡಿಸಿದ್ರೂ ಅಗ್ರಿಮೆಂಟಲ್ಲಿ ಸೋರ್ಸ್ ಕೋಡ್ ಸಂಘದ್ದು ಅಂತ ಬರೆಸ್ಕೊಳಿ. ಹಳೇ ಕಂಪ್ಯೂಟರ್ ಫಾರ್ಮ್ಯಾಟ್ ಮಾಡ್ಬೇಡಿ, ಡಿಬಿಎಫ್ ಅಂತ ಕೊನೆ ಆಗೋ ಫೈಲ್ ಇದೆಯಾ ನೋಡಿ, ಇದ್ರೆ ಕಾಪಿ ಮಾಡಿ ಪುಕ್ಕಟೆ ಸಿಗೋ ಲಿಬ್ರೆ ಆಫೀಸ್ ಸಾಫ್ಟ್‌ವೇರಲ್ಲಿ ತೆಗೀರಿ.

ಪೊನ್ನಂಪೇಟೆ_ಲೆಕ್ಕ
ಇತ್ತು! ಓಪನ್ ಆಯ್ತು! ಸಾಲದ ಅಂಕಿ ಎಲ್ಲಾ ಸರಿಯಾಗಿದೆ, ಸದಸ್ಯರ ಹೆಸರು ಮಾತ್ರ ಇಂಗ್ಲಿಷ್ ಅಕ್ಷರ ಕಲಸಿದ ಹಾಗೆ ಕಾಣ್ತಿದೆ, ನುಡಿ ಇರ್ಬೇಕು. ಮೇಷ್ಟ್ರೇ, ಆ ಕನ್ವರ್ಟರ್ ಲಿಂಕ್ ಸ್ವಲ್ಪ ಹಾಕ್ತೀರಾ?